ಎಲ್ಲರ ಉಸಿರೂ 20

ವಾರ್ಡಿನ ಚಾರ್ಟುಗಳನ್ನು ತೆಗೆದು ನೋಡಿದರೆ ರೋಗಿಗಳೆಲ್ಲ ನಿಮಿಷಕ್ಕೆ 20 ಸಲ ಉಸಿರಾಡುತ್ತಾರೆ. ದಮ್ಮಿನ ಅಜ್ಜಿಯದ್ದೂ 20, ಹರ್ನಿಯಾ ಆಪರೇಶನ್ ಆದವನದ್ದೂ 20. ಬಿ.ಪಿ.ಗೆ, ಜ್ವರಕ್ಕೆ ಯಂತ್ರವಿದೆ. ಉಸಿರನ್ನು ಮಾತ್ರ ಪಕ್ಕದಲ್ಲಿ ನಿಂತು ಎಣಿಸಬೇಕು. ಪುರುಸೊತ್ತಿಲ್ಲದ ಸಿಸ್ಟರ್ ಅಂದಾಜಿಗೆ ಬರೆದುಬಿಡುತ್ತಾಳೆ. ನರ್ಸಿಂಗ್ ಓದಿದವರಿಗೆಲ್ಲ ಗೊತ್ತಿರುವ ಗುಟ್ಟು ಇದು.

ಶಿರಸಿಯ ಆಸ್ಪತ್ರೆಯೊಂದರಲ್ಲಿ ಹೊಸ ಸಿಸ್ಟರುಗಳನ್ನು ತಯಾರು ಮಾಡುವ ಕೆಲಸ ನನ್ನದು. ಪ್ರೊಜೆಕ್ಟರ್, ಸ್ಲೈಡು, ಹಾಜರಿ ಸಹಿ, ಚಾ, ಅವಲಕ್ಕಿ. ಇಂಥ ತರಬೇತಿಯಿಂದ ಫೈಲು ದಪ್ಪವಾಗುತ್ತದೆ, ರೋಗಿಗೇನೂ ಆಗುವುದಿಲ್ಲ. ಹಾಗಾಗಿ ಕಳೆದ ಮಳೆಗಾಲದಲ್ಲಿ ಪಾಠವನ್ನು ವಾರ್ಡಿಗೇ ಒಯ್ದೆ.

ಸಿದ್ದಾಪುರ ಕಡೆಯ ಅಜ್ಜ ಜ್ವರವೆಂದು ದಾಖಲಾಗಿದ್ದರು. ಕುತ್ತಿಗೆಯವರೆಗೆ ಕಂಬಳಿ. ಚಾರ್ಟಿನಲ್ಲಿ, ಮಾಮೂಲಿನಂತೆ, 20. ನನ್ನ ಜೊತೆಗಿದ್ದ ಹೊಸ ಸಿಸ್ಟರ್ ಹುಡುಗಿಗೆ ಕಂಬಳಿ ಸರಿಸಲು ಹೇಳಿದೆ.

“ನಾಡಿ ನೋಡುವವಳ ಹಾಗೆ ಮಣಿಕಟ್ಟು ಹಿಡಿ. ಕಣ್ಣು ಮಾತ್ರ ಎದೆ ಮೇಲಿರಲಿ.”

ಉಸಿರು ಎಣಿಸುತ್ತಿದ್ದಾರೆಂದು ಗೊತ್ತಾದರೆ ಸಾಕು, ರೋಗಿಯ ಉಸಿರಾಟವೇ ಬದಲಾಗುತ್ತದೆ. ಹದಿನೈದು ಸೆಕೆಂಡಿಗೆ ನಿಲ್ಲಿಸಿ ನಾಲ್ಕರಿಂದ ಗುಣಿಸುವುದೂ ಬೇಡ. ಒಂದು ಉಸಿರು ತಪ್ಪಿದರೆ ಲೆಕ್ಕದಲ್ಲಿ ನಾಲ್ಕು ತಪ್ಪುತ್ತದೆ. ಅವಳು ಪೂರ್ತಿ ನಿಮಿಷ ಎಣಿಸಿದಳು: 28.

“ಸ್ಯಾಚುರೇಶನ್ 95 ಇದೆಯಲ್ಲ ಮೇಡಂ?”

ರಕ್ತದಲ್ಲಿ ಆಕ್ಸಿಜನ್ ಶೇಕಡಾ ಎಷ್ಟಿದೆಯೆಂದು ಬೆರಳಿಗೆ ಹಾಕುವ ಯಂತ್ರ ತೋರಿಸುವ ಅಂಕಿ ಅದು. ಅಲ್ಲೇ ಮೋಸಹೋಗುವುದು. ರಕ್ತದಲ್ಲಿ ಆಕ್ಸಿಜನ್ ಇಳಿಯದಂತೆ ದೇಹ ಮೊದಲು ಉಸಿರಿನ ವೇಗ ಏರಿಸಿಕೊಳ್ಳುತ್ತದೆ. ಬೆರಳಿನ ಯಂತ್ರದ ಅಂಕಿ ಬೀಳುವುದು ಎಷ್ಟೋ ಸಲ ಆಮೇಲೆ. ದೊಡ್ಡವರಿಗೆ 12ರಿಂದ 20 ಸಾಮಾನ್ಯ. 25 ಮುಟ್ಟಿತೆಂದರೆ ಡಾಕ್ಟರಿಗೆ ಹೇಳಲೇಬೇಕು.

ಹೇಳುವುದಕ್ಕೂ ಒಂದು ಕ್ರಮವಿದೆ. “ಸರ್, ಅಜ್ಜ ಯಾಕೋ ಸರಿ ಇಲ್ಲ” ಅಂದರೆ “ನೋಡ್ತಾ ಇರಿ” ಎಂಬ ಉತ್ತರ ಬರುತ್ತದೆ. ಅವಳು ಫೋನಿನಲ್ಲಿ ಹೇಳಿದ್ದು ಹೀಗೆ: “ಮೂರನೇ ಬೆಡ್ಡಿನ ಅಜ್ಜನಿಗೆ ಉಸಿರು 28 ಸರ್. ಜ್ವರಕ್ಕೆ ನಿನ್ನೆ ಅಡ್ಮಿಟ್ ಆದವರು. ಸ್ಯಾಚುರೇಶನ್ 95. ಈಗಲೇ ಬಂದು ನೋಡಬೇಕು.” ಡಾಕ್ಟರು ಬಂದರು. ಎಕ್ಸ್‌ರೇಯಲ್ಲಿ ನ್ಯುಮೋನಿಯಾ. ದೊಡ್ಡ ಆಸ್ಪತ್ರೆಗೆ ಒಯ್ಯಬೇಕೆಂದರೆ ಹುಬ್ಬಳ್ಳಿ ಇಲ್ಲಿಂದ ಸುಮಾರು ನೂರು ಕಿಲೋಮೀಟರ್. ಕುಮಟಾ ಕಡೆ ಹೊರಟರೆ ಮಳೆಯಲ್ಲಿ ದೇವಿಮನೆ ಘಟ್ಟ ಇಳಿಯಬೇಕು. ನಮ್ಮಲ್ಲಿ ನಾಲ್ಕು ತಾಸು ಮೊದಲೇ ಗೊತ್ತಾಗುವುದಕ್ಕೆ ಪೇಟೆಯವರು ಊಹಿಸದಷ್ಟು ಬೆಲೆಯಿದೆ. ಅಜ್ಜನನ್ನು ಎಲ್ಲಿಗೂ ಕಳಿಸಬೇಕಾಗಲಿಲ್ಲ.

ಸಂಜೆ ಆ ಹುಡುಗಿಯೇ ಕೇಳಿದಳು: “ರಾತ್ರಿ ಪಾಳಿಯಲ್ಲಿ ಮೂವತ್ತು ಜನಕ್ಕೆ ನಾನೊಬ್ಬಳೇ. ಎಲ್ಲರದ್ದೂ ಎಣಿಸಿದರೆ ಅರ್ಧ ತಾಸು ಅದಕ್ಕೇ ಹೋಯ್ತು. ಡ್ರಿಪ್ ಯಾರು ನೋಡೋದು?”

ನ್ಯಾಯದ ಪ್ರಶ್ನೆ. ಜ್ವರದವರು, ದಮ್ಮಿನವರು, ಆಪರೇಶನ್ ಆದವರು, ಮೊದಲು ಇವರದ್ದು ಎಣಿಸಿ. ಎಣಿಸದಿದ್ದರೆ ಕಾಲಂ ಖಾಲಿ ಬಿಡಿ, 20 ಮಾತ್ರ ಬರೆಯಬೇಡಿ ಅಂದೆ. ಖಾಲಿ ಕಾಲಮ್ಮುಗಳು ಮೇಲಿನವರಿಗೆ ಹಿಡಿಸಲಿಲ್ಲ; ಚಾರ್ಟ್ ಅಪೂರ್ಣವೆಂದು ನನಗೇ ಮೆಮೊ ಬಂತು. ಅದೇ ಮೆಮೊ ಲಗತ್ತಿಸಿ, ರಾತ್ರಿ ಪಾಳಿಗೆ ಇನ್ನೊಬ್ಬ ಸಿಸ್ಟರ್ ಕೊಡಿ ಎಂದು ಅರ್ಜಿ ಬರೆದಿದ್ದೇನೆ.