ರೋಹಿಣಿ ಸರಿ ಇತ್ತು, ಅಗಸ್ತ್ಯ ಉದ್ದ ಆಗಿತ್ತು

ಪುಣೆಯ ಭೋಸರಿಯಲ್ಲಿ ಒಂದು ಸಣ್ಣ ವರ್ಕ್‌ಶಾಪ್‌ನಲ್ಲಿ ಡಿಸೈನ್ ನೋಡಿಕೊಳ್ಳುತ್ತೇನೆ. ದಿನವೂ ಜಿಗ್, ಫಿಕ್ಸ್ಚರ್ ಕೆಲಸ, ಅಂದರೆ ಯಂತ್ರದ ಕೆಲಸಕ್ಕೆ ಬಿಡಿಭಾಗ ಹಿಡಿದಿಡುವ ಸಾಧನಗಳು. ಹೋದ ವರ್ಷ ಒಬ್ಬ ಹಿರಿಯ ಹವ್ಯಾಸಿ ಆಕಾಶ ವೀಕ್ಷಕರು ಬಂದರು. ತಾವೇ ಕೈಯಾರೆ ಉಜ್ಜಿದ 12 ಇಂಚಿನ ಪೈರೆಕ್ಸ್ ಗಾಜಿನ ಟೆಲಿಸ್ಕೋಪ್ ಕನ್ನಡಿಗೆ ಸೆಲ್ ಬೇಕು ಅಂದರು. ಸೆಲ್ ಅಂದರೆ ಟೆಲಿಸ್ಕೋಪಿನ ತಳದಲ್ಲಿ ಕನ್ನಡಿ ಕೂರುವ ಚೌಕಟ್ಟು.

ಕನ್ನಡಿ 32 ಮಿ.ಮೀ. ದಪ್ಪ, ತೂಕ ಹತ್ತಿರ ಹತ್ತಿರ 5 ಕಿಲೋ. ಅಷ್ಟು ಗಟ್ಟಿ ಗಾಜೂ ತನ್ನ ಭಾರಕ್ಕೇ ಬಾಗುತ್ತದೆ. ಕನ್ನಡಿಯ ತಪ್ಪನ್ನು ಅಳೆಯುವುದು ಬೆಳಕಿನ ಅಲೆಯ ಉದ್ದದ ಲೆಕ್ಕದಲ್ಲಿ. ಹಸಿರು ಬೆಳಕಿನ ಅಲೆ ಸುಮಾರು 550 ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಪಾಲಿನಷ್ಟು. ಮೇಲ್ಮೈಯ ತಪ್ಪು ಬೆಳಕು ಪ್ರತಿಫಲಿಸುವಾಗ ಎರಡು ಪಟ್ಟಾಗುತ್ತದೆ. ಹಾಗಾಗಿ ಕೂದಲೆಳೆಯಷ್ಟು ಬಾಗಿದರೂ ಇಲ್ಲಿ ತೀರಾ ಜಾಸ್ತಿ.

ಈ ಲೆಕ್ಕಕ್ಕೆ ಪ್ಲಾಪ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ವ್ಯಾಸ, ದಪ್ಪ, ಫೋಕಲ್ ಲೆಂಗ್ತ್, ಗಾಜಿನ ಜಾತಿ, ಎಷ್ಟು ಆಧಾರ ಬಿಂದು ಅಂತ ಕೊಟ್ಟರೆ, ಬಿಂದುಗಳನ್ನು ಎಲ್ಲಿಟ್ಟರೆ ಕನ್ನಡಿ ಅತಿ ಕಡಿಮೆ ಬಾಗುತ್ತದೆ ಅಂತ ಹೇಳುತ್ತದೆ. ನಾನು 9 ಬಿಂದು ಆರಿಸಿದೆ. ಮೂರು ತ್ರಿಕೋನ ತಗಡು, ಒಂದೊಂದರ ಮೇಲೆ ಮೂರು ಬಿಂದು. ಪ್ರತಿ ತ್ರಿಕೋನವೂ ತಕ್ಕಡಿಯ ಹಾಗೆ ಒಂದು ಪಿವಟ್ ಮೇಲೆ ತೂಗಾಡುತ್ತದೆ. ಭಾರ ತಾನಾಗಿಯೇ ಹಂಚಿಹೋಗುತ್ತದೆ. ಉತ್ತರ ಬಂದಿದ್ದು ಕೆಲವೇ ನ್ಯಾನೋಮೀಟರ್. ತುಂಬಾ ಖುಷಿಯಾಯಿತು.

ತೂತುಗಳಿಗೆ 0.1 ಮಿ.ಮೀ. ಟಾಲರೆನ್ಸ್ ಹಾಕಿದೆ, ಅಂದರೆ ಅಷ್ಟಕ್ಕಿಂತ ಹೆಚ್ಚುಕಡಿಮೆ ಆಗಬಾರದು ಅಂತ. ನಮ್ಮ ಫಿಟ್ಟರ್ ಕಾಕಾ ವಿಜಯಪುರದವರು. ಡ್ರಾಯಿಂಗ್ ನೋಡಿ ಒಂದೇ ಪ್ರಶ್ನೆ ಕೇಳಿದರು: "ತಮ್ಮಾ, ಕನ್ನಡಿ ಅಡ್ಡ ಮಾಡಿದಾಗ ಭಾರ ಯಾತರ ಮ್ಯಾಲ ಬರ್ತದ?"

"ಅದೆಲ್ಲ ಸಾಫ್ಟ್‌ವೇರ್ ನೋಡಿಕೊಂಡಿದೆ ಕಾಕಾ," ಅಂದೆ.

ನೋಡಿಕೊಂಡಿರಲಿಲ್ಲ. ನಾನು ಮಾಡಿದ ಲೆಕ್ಕ ಬೆನ್ನ ಮೇಲೆ ಮಲಗಿದ ಕನ್ನಡಿಯದ್ದು, ಅಂದರೆ ಟೆಲಿಸ್ಕೋಪ್ ನೇರ ನೆತ್ತಿಯ ಕಡೆ ಇದ್ದಾಗಿನದ್ದು. ಓರೆಯಾದಾಗ ಭಾರ ಹೊರುವುದು ಅಂಚಿನ ಎರಡು ರೋಲರ್. ಅವನ್ನು ಕನ್ನಡಿಯ ಬೆನ್ನಿನಿಂದ 8 ಮಿ.ಮೀ. ಎತ್ತರಕ್ಕೆ ಇಟ್ಟಿದ್ದೆ. ಬೋಲ್ಟ್ ಹಾಕಲು ಅಲ್ಲಿ ಸುಲಭ ಅಂತ, ಅಷ್ಟೇ.

ಜನವರಿಯ ಒಂದು ರಾತ್ರಿ ಭೋರ್ ಕಡೆ ಹೋದೆವು. ನೆತ್ತಿಯ ಹತ್ತಿರ ರೋಹಿಣಿ ನಕ್ಷತ್ರ ದುಂಡಗೆ, ಚೂಪಾಗಿ ಕಂಡಿತು. ಆಮೇಲೆ ದಕ್ಷಿಣಕ್ಕೆ ಇಳಿಸಿ ಅಗಸ್ತ್ಯ ನಕ್ಷತ್ರ ನೋಡಿದೆವು. ಪುಣೆಯಿಂದ ಅದು 20 ಡಿಗ್ರಿಯೂ ಏರುವುದಿಲ್ಲ. ಅಷ್ಟು ಕೆಳಗೆ ಗಾಳಿ ಕುದಿಯುತ್ತದೆ ಅಲ್ವಾ, ಅದಕ್ಕೇ ಕೆಟ್ಟಿದೆ ಅಂದುಕೊಂಡೆ. ಆದರೆ ಫೋಕಸ್‌ನ ಒಳಗೆ ತಂದಾಗ ಚುಕ್ಕಿ ಒಂದು ದಿಕ್ಕಿಗೆ ಉದ್ದ, ಹೊರಗೆ ತಂದಾಗ ಅದಕ್ಕೆ ಅಡ್ಡಲಾಗಿ ಉದ್ದ. ಗಾಳಿ ಹೀಗೆ ಮಾಡುವುದಿಲ್ಲ. ಇದು ಆಸ್ಟಿಗ್ಮ್ಯಾಟಿಸಮ್, ಅಂದರೆ ಕನ್ನಡಿಯ ಬಾಗು ಎರಡು ದಿಕ್ಕಿಗೆ ಬೇರೆ ಬೇರೆಯಾದಾಗ ಬರುವ ದೋಷ.

ಪಾಪ, ಆ ಹಿರಿಯರ ಮುಖ ಸಣ್ಣಗಾಯಿತು. ತಾವು ಉಜ್ಜಿದ್ದೇ ತಪ್ಪಾಯಿತೇನೋ ಅಂದುಕೊಂಡರು. ಟಾರ್ಚ್ ಬೆಳಕಲ್ಲಿ ಕನ್ನಡಿಯನ್ನು ಸೆಲ್‌ನಲ್ಲೇ ಕಾಲು ಸುತ್ತು ತಿರುಗಿಸಿದೆವು. ತಪ್ಪು ಗಾಜಿನದ್ದಾಗಿದ್ದರೆ ಉದ್ದವೂ ಜೊತೆಗೆ ತಿರುಗಬೇಕಿತ್ತು. ತಿರುಗಲಿಲ್ಲ. ಕನ್ನಡಿ ಚೆನ್ನಾಗಿಯೇ ಇತ್ತು. ತಪ್ಪು ನನ್ನ ಸೆಲ್‌ನದ್ದು.

ರೋಲರ್ ತಾಗಬೇಕಾದ್ದು ಕನ್ನಡಿಯ ಗುರುತ್ವ ಕೇಂದ್ರದ ಮಟ್ಟದಲ್ಲಿ. ಇಲ್ಲದಿದ್ದರೆ ಓರೆಯಾದಾಗ ಕನ್ನಡಿ ತನ್ನ ಭಾರಕ್ಕೆ ಬಾಗುತ್ತದೆ. ಅದು ದಪ್ಪದ ಅರ್ಧ, 16 ಮಿ.ಮೀ. ಕೂಡ ಅಲ್ಲ. ಈ ಕನ್ನಡಿ ಎಫ್/5 (ಫೋಕಲ್ ಲೆಂಗ್ತ್ ವ್ಯಾಸದ ಐದು ಪಟ್ಟು), ಮುಂಭಾಗದ ನಡುವೆ 3.8 ಮಿ.ಮೀ. ಕುಳಿ ಇದೆ. ಆ ಗಾಜು ಹೋದದ್ದರಿಂದ ಕೇಂದ್ರ ಹಿಂದಕ್ಕೆ ಸರಿದು 15ರ ಹತ್ತಿರ ಬರುತ್ತದೆ.

ಆಮೇಲೆ ಪ್ಲಾಪ್‌ನಲ್ಲಿ ಆಧಾರ ಬಿಂದುಗಳನ್ನು 1 ಮಿ.ಮೀ. ಸರಿಸಿ ನೋಡಿದೆ. ಉತ್ತರ ಹೆಚ್ಚುಕಡಿಮೆ ಹಾಗೇ ಇತ್ತು. ಆ 0.1ಕ್ಕಾಗಿ ಕಾಕಾ ಸುಮ್ನೆ ಎರಡು ದಿನ ತೂತು ಕೊರೆದಿದ್ದರು. ಹೋಗಿ ಕ್ಷಮೆ ಕೇಳಿದೆ. ರೋಲರ್ ಏರಿಸಲು ಹೊಸ ಪಟ್ಟಿಯನ್ನು ಅವರೇ ಅರ್ಧ ಗಂಟೆಯಲ್ಲಿ ಮಾಡಿಕೊಟ್ಟರು.

ಮುಂದಿನ ಅಮಾವಾಸ್ಯೆಗೆ ಅವರನ್ನೂ ಕರೆದುಕೊಂಡು ಹೋದೆವು. ಫೋಕಸ್‌ನ ಒಳಗೂ ಹೊರಗೂ ಅಗಸ್ತ್ಯ ನಡುಗುತ್ತಿತ್ತು, ಆದರೆ ದುಂಡಗಿತ್ತು.