ಇಟಲಿಗೆ ಹೊರಟಿದ್ದೀರಾ? ಬೊಲೊನ್ಯಾದಲ್ಲಿ ಬಿಡಾರ ಹೂಡಿ

ಇಟಲಿ ಅಂದ ತಕ್ಷಣ ನಮ್ಮ ಕಡೆಯವರು ಹಾಕುವ ಪ್ಲ್ಯಾನ್ ಒಂದೇ. ರೋಮ್ ಎರಡು ರಾತ್ರಿ, ಫ್ಲಾರೆನ್ಸ್ ಎರಡು, ವೆನಿಸ್ ಎರಡು, ಮಿಲಾನ್ ಒಂದು. ನಾನೂ ಹಾಗೇ ಹಾಕಿದ್ದೆ. ಆಮೇಲೆ ಅಮ್ಮ "ನಾನೂ ಬರ್ತೀನಿ ಕಣೋ" ಅಂದರು. ಅವರಿಗೆ 68 ವರ್ಷ, ಮಂಡಿ ನೋವು, ಮೊಟ್ಟೆ ಕೂಡ ಮುಟ್ಟುವುದಿಲ್ಲ. ಎರಡು ದಿನಕ್ಕೊಮ್ಮೆ ಸೂಟ್‌ಕೇಸ್ ಎಳೆದುಕೊಂಡು ರೂಮ್ ಬದಲಿಸುವುದು ಆಗದ ಮಾತು. ಅದಕ್ಕೇ ನಾನು, ಹೆಂಡತಿ, ಅಮ್ಮ ಮೂವರೂ ರೋಮ್ ಮುಗಿಸಿ ಆರು ರಾತ್ರಿ ಬೊಲೊನ್ಯಾದಲ್ಲೇ ಉಳಿದೆವು. ಉಳಿದ ಊರುಗಳಿಗೆ ಬೆಳಿಗ್ಗೆ ರೈಲಲ್ಲಿ ಹೋಗಿ ರಾತ್ರಿ ವಾಪಸ್.

ನಕ್ಷೆ ನೋಡಿದರೆ ನಿಮಗೇ ಗೊತ್ತಾಗುತ್ತದೆ. ವೇಗದ ರೈಲಿನಲ್ಲಿ ಫ್ಲಾರೆನ್ಸ್ 40 ನಿಮಿಷ, ವೆನಿಸ್ ಒಂದೂವರೆ ಗಂಟೆ. ಪ್ಯಾಸೆಂಜರ್ ಥರದ ರೈಲಿನಲ್ಲಿ ಮೊದೆನಾ ಅರ್ಧ ಗಂಟೆ, ರವೆನ್ನಾ ಒಂದು ಗಂಟೆ ಚಿಲ್ಲರೆ. ಈ ನಿಧಾನದ ರೈಲಿಗೆ ಅವರು ರೆಜೊನಾಲೆ ಅನ್ನುತ್ತಾರೆ. ಅದರ ದರ ಇವತ್ತು ಕೊಂಡರೂ ಅಷ್ಟೇ, ತಿಂಗಳ ಮೊದಲು ಕೊಂಡರೂ ಅಷ್ಟೇ. ವೇಗದ ರೈಲಿನ ಕಥೆ ಬೇರೆ, ವಿಮಾನದ ಟಿಕೆಟ್ ಹಾಗೆ ದಿನ ಹತ್ತಿರವಾದಷ್ಟೂ ಏರುತ್ತದೆ. ಅಗ್ಗದ ಟಿಕೆಟ್ ಆದರೆ ಆ ಒಂದು ರೈಲಿಗೆ ಮಾತ್ರ. ತಪ್ಪಿತೋ, ದುಡ್ಡು ಹೋಯಿತು.

ನಮಗೆ ತಪ್ಪಿತು. ಅದೂ ಒಂದು ಗಡಿಯಾರ ನಂಬಿ.

ಫ್ಲಾರೆನ್ಸಿಗೆ 10:40ರ ರೈಲು. ಸ್ಟೇಷನ್ ಮುಂದೆ ಬಂದಾಗ ಹೊರಗಿನ ದೊಡ್ಡ ಗಡಿಯಾರ 10:25 ತೋರಿಸುತ್ತಿತ್ತು. ಫೋನ್ ಬ್ಯಾಗಿನೊಳಗೆ. ಹದಿನೈದು ನಿಮಿಷ ಇದೆಯಲ್ಲ ಅಂತ ಆರಾಮಾಗಿ ಒಂದು ಕಾಫಿ ಕುಡಿದೆವು. ಒಳಗೆ ಬಂದು ಬೋರ್ಡ್ ನೋಡಿದರೆ 10:36! ನಮ್ಮ ಪ್ಲಾಟ್‌ಫಾರ್ಮ್ 17. ಬೊಲೊನ್ಯಾದಲ್ಲಿ 16ರಿಂದ 19ರವರೆಗಿನವು ನೆಲದಡಿ ಇವೆ. ಎಸ್ಕಲೇಟರ್ ಮೇಲೆ ಎಸ್ಕಲೇಟರ್ ಇಳಿಯುತ್ತಲೇ ಇರಬೇಕು. ಅಮ್ಮನನ್ನು ಓಡಿಸುವುದಕ್ಕಾಗುತ್ತದಾ? ಕೆಳಗೆ ತಲುಪುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಮೂವರಿಗೆ 45 ಯೂರೊ ಕೊಟ್ಟಿದ್ದ ಟಿಕೆಟ್ ನೀರಲ್ಲಿ ಹೋಯಿತು. ಮುಂದಿನ ರೈಲಿಗೆ ಅದರ ಎರಡರಷ್ಟು ತೆತ್ತೆವು.

ಸಿಟ್ಟಲ್ಲಿ ಸಂಜೆ ನಮ್ಮ ರೂಮಿನ ಆಂಟಿಯನ್ನು ಕೇಳಿದೆ, ಗಡಿಯಾರ ರಿಪೇರಿ ಮಾಡಿಸಬಾರದಾ ಅಂತ. ಅದು ಕೆಟ್ಟಿಲ್ಲ, ಬೇಕಂತಲೇ ನಿಲ್ಲಿಸಿದ್ದು ಅಂದರು. 1980ರ ಆಗಸ್ಟ್ 2ರ ಬೆಳಿಗ್ಗೆ 10:25ಕ್ಕೆ ಸ್ಟೇಷನ್ನಿನ ವೇಟಿಂಗ್ ರೂಮಿನಲ್ಲಿ ಬಾಂಬ್ ಸಿಡಿದು 85 ಜನ ಸತ್ತಿದ್ದರು. ನಾನು ಮತ್ತೆ ಆ ಮಾತೆತ್ತಲಿಲ್ಲ. ಮಾರನೇ ದಿನ ಹೋಗಿ ಒಳಗಿನ ಗೋಡೆಯ ಮೇಲಿರುವ ಹೆಸರುಗಳನ್ನು ನೋಡಿ ಬಂದೆವು. ನೀವು ಹೋದಾಗ ಟೈಮ್‌ಗೆ ಫೋನ್ ನೋಡಿ, ನೆಲದಡಿಯ ಪ್ಲಾಟ್‌ಫಾರ್ಮ್ ಇದ್ದರೆ ಇಪ್ಪತ್ತು ನಿಮಿಷ ಮೊದಲೇ ಒಳಗಿರಿ.

ಊಟದ ವಿಷಯ. ಬೊಲೊನ್ಯಾ ಮಾಂಸದ ಊರು, ಸಸ್ಯಾಹಾರಿಗಳಿಗೆ ಕಷ್ಟ ಅಂತ ಎಲ್ಲರೂ ಹೆದರಿಸಿದ್ದರು. ಅರ್ಧ ನಿಜ. ಅಲ್ಲಿನ ತಾಜಾ ಪಾಸ್ತಾದ ಹಿಟ್ಟನ್ನು ಮೊಟ್ಟೆ ಹಾಕಿಯೇ ಕಲಸುತ್ತಾರೆ. ಪಿಯಾದಿನಾ ನೋಡಲು ನಮ್ಮ ಚಪಾತಿ ಥರ ಇದೆ, ಆದರೆ ಅದರ ಹಿಟ್ಟಿಗೆ ಎಷ್ಟೋ ಕಡೆ ಹಂದಿ ಕೊಬ್ಬು ಸೇರಿಸುತ್ತಾರೆ. ಪಟ್ಟಿಯಲ್ಲಿ 'ಸ್ತ್ರುತ್ತೊ' ಅಂತಿದ್ದರೆ ಅದೇ. ಎಣ್ಣೆಯದ್ದು ಬೇಕು ಅಂತ ಕೇಳಿ ತೆಗೆದುಕೊಳ್ಳಿ.

ನಮ್ಮನ್ನು ಕಾಪಾಡಿದ್ದು ರೂಮಿನ ಹಿಂದಿನ ಗಲ್ಲಿಯ ಒಂದು ಪಿಜ್ಜಾ ಅಂಗಡಿ. ಕೂರಲು ಜಾಗವಿಲ್ಲ, ಒಂದು ಕಟ್ಟೆ ಅಷ್ಟೇ. ಉದ್ದ ತಟ್ಟೆಗಳಲ್ಲಿ ಬೇಯಿಸಿಟ್ಟಿರುತ್ತಾರೆ. ಇಷ್ಟು ಅಗಲ ಅಂತ ಕೈಯಲ್ಲಿ ತೋರಿಸಿದರೆ ಕತ್ತರಿಸಿ, ತೂಗಿ, ಬಿಸಿ ಮಾಡಿ ಕೊಡುತ್ತಾರೆ. ಬೋರ್ಡಿನ ದರ ಕೆಲವೊಮ್ಮೆ 'ಎತ್ತೊ' ಲೆಕ್ಕದಲ್ಲಿರುತ್ತದೆ. ಎತ್ತೊ ಅಂದರೆ 100 ಗ್ರಾಂ, ಕಿಲೋ ಅಂದುಕೊಂಡು ಹಿಗ್ಗಬೇಡಿ! ಆಲೂಗಡ್ಡೆಯನ್ನು ತೆಳ್ಳಗೆ ಹೆಚ್ಚಿ, ರೋಸ್‌ಮೇರಿ ಸೊಪ್ಪು, ಉಪ್ಪು, ಎಣ್ಣೆ ಹಾಕಿ ಬೇಯಿಸಿದ ಒಂದು ಪಿಜ್ಜಾ ಇತ್ತು. ಚೀಸ್ ಇಲ್ಲ, ಟೊಮೆಟೊ ಇಲ್ಲ. ಅಂಚು ಗರಿಗರಿ, ನಡುವೆ ಮೆತ್ತಗೆ. ಅಮ್ಮ ಮೊದಲ ದಿನ ಅನುಮಾನದಿಂದ ಮೂಸಿ ನೋಡಿದರು. ಎರಡನೇ ದಿನ ಬ್ಯಾಗಿಂದ ಚಟ್ನಿಪುಡಿ ಡಬ್ಬಿ ಬಂತು. ಮೂರನೇ ದಿನ ಅಂಗಡಿಯವನೇ ಚಟ್ನಿಪುಡಿ ಕೇಳಿ ಈಸಿಕೊಂಡು, ಕೆಮ್ಮುತ್ತಾ ಹೆಬ್ಬೆರಳು ಎತ್ತಿದ. ಮೂವರ ಹೊಟ್ಟೆ 15 ಯೂರೊ ಒಳಗೆ ತುಂಬುತ್ತಿತ್ತು.

ಇನ್ನೊಂದು ಲಾಭ ಅಂದರೆ ಪೋರ್ಟಿಕೊ, ಅಂದರೆ ಬೀದಿಯುದ್ದಕ್ಕೂ ಕಂಬದ ಸಾಲಿನ ಜಗಲಿ. ಎರಡು ದಿನ ಮಳೆ ಹೊಯ್ದರೂ ಕೊಡೆ ಬಿಚ್ಚಲಿಲ್ಲ.

ರವೆನ್ನಾ ಮಾತ್ರ ಬಿಡಬೇಡಿ. ಸುಮಾರು 1500 ವರ್ಷ ಹಳೆಯ ಮೊಸಾಯಿಕ್ ಅಲ್ಲಿದೆ, ಜನಜಂಗುಳಿ ಇಲ್ಲ. ನನಗೆ ಗುಂಪು ಅಂದರೆ ಆಗಲ್ಲ, ಅದಕ್ಕೇ ಫ್ಲಾರೆನ್ಸ್‌ಗಿಂತ ಇದೇ ಜಾಸ್ತಿ ಇಷ್ಟ ಆಯಿತು. ರೆಜೊನಾಲೆಯ ಕಾಗದದ ಟಿಕೆಟ್ ಕೊಂಡರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಮೆಷಿನ್‌ನಲ್ಲಿ ಮುದ್ರೆ ಒತ್ತಿಸಿ, ಇಲ್ಲದಿದ್ದರೆ ದಂಡ. ಫೋನಿನ ಟಿಕೆಟ್ಟಿಗೆ ಚೆಕ್-ಇನ್ ಒತ್ತಬೇಕು.

ಕೊನೆಗೆ ಹೆಂಡತಿಯ ಆಸೆಗೆ ವೆನಿಸ್‌ನಲ್ಲಿ ಒಂದು ರಾತ್ರಿ. 'ಕಾಲುವೆ ಕಾಣುವ ರೂಮ್' ಅಂತ 240 ಯೂರೊ ಪೀಕಿದರು. ಸ್ಟೇಷನ್ನಿಂದ ನಾಲ್ಕು ಸೇತುವೆ, ಎಲ್ಲಕ್ಕೂ ಮೆಟ್ಟಿಲು. ರೂಮು ಮೂರನೇ ಮಹಡಿ, ಲಿಫ್ಟ್ ಇಲ್ಲ. ಕಾಲುವೆ ಕಂಡಿದ್ದು ಬಚ್ಚಲಿನ ಕಿಟಕಿಯಿಂದ, ಅದೂ ಕತ್ತು ಹೊರಗೆ ಚಾಚಿದರೆ. ಮೇಲೆ ತಲಾ ಇಷ್ಟು ಅಂತ ಪ್ರವಾಸಿ ತೆರಿಗೆ ಬೇರೆ.

ವೆನಿಸನ್ನೂ ಬೊಲೊನ್ಯಾದಿಂದಲೇ ನೋಡಿ ಬನ್ನಿ. ಸಾಂತಾ ಲೂಚಿಯಾ ಸ್ಟೇಷನ್ನಿನಲ್ಲಿ ಇಳಿಯಿರಿ, ಅದಕ್ಕೂ ಮೊದಲು ಬರುವ ಮೆಸ್ತ್ರೆಯಲ್ಲಲ್ಲ. 2024ರಿಂದ ಕೆಲವು ದಿನಗಳಲ್ಲಿ ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೆ ಪ್ರವೇಶ ಶುಲ್ಕ ಇದೆ, 5 ಯೂರೊ, ಕೊನೆ ಗಳಿಗೆಯಲ್ಲಾದರೆ 10. ಕೊಟ್ಟುಬಿಡಿ. ನನ್ನ 240ರ ಮುಂದೆ ಅದು ಏನೂ ಅಲ್ಲ.