ಗಂಡನ ಹೆಸರು ಯಾಕೆ ಸೇರಿಸಿಕೊಂಡಿಲ್ಲ ಅಂತ ಕೇಳುವವರಿಗೆ

"ಮದುವೆಯಾಗಿ ಇಷ್ಟು ವರ್ಷ ಆಯ್ತು, ಪಾಸ್‌ಪೋರ್ಟಲ್ಲಿ ಅಪ್ಪನ ಹೆಸರೇ ಇದೆಯಲ್ಲಮ್ಮಾ, ವೀಸಾಗೆ ತೊಂದರೆ ಆಗಲ್ವಾ?"

ಇಲ್ಲ, ಆಗಲ್ಲ. ಅಮೆರಿಕಕ್ಕೆ ಬರುವಾಗ ಎಚ್-4, ಅಂದರೆ ಅಲ್ಲಿ ಕೆಲಸದ ವೀಸಾದಲ್ಲಿ ಇರುವವರ ಹೆಂಡತಿ ಅಥವಾ ಗಂಡ, ಮಕ್ಕಳಿಗೆ ಕೊಡುವ ವೀಸಾ, ಈ ಹೆಸರಲ್ಲೇ ಸಿಕ್ಕಿತು. ಅದರ ವಿಸ್ತರಣೆಯೂ ಸಿಕ್ಕಿತು. ಗ್ರೀನ್ ಕಾರ್ಡ್ ಅರ್ಜಿಯೂ ಈ ಹೆಸರಲ್ಲೇ ಹೋಗಿದೆ. ಮದುವೆಯಾದ ಹೆಣ್ಣು ಹೆಸರು ಬದಲಾಯಿಸಲೇಬೇಕು ಅಂತ ಭಾರತದಲ್ಲಿ ಯಾವ ಕಾನೂನೂ ಇಲ್ಲ. ಪಾಸ್‌ಪೋರ್ಟಿಗೂ ಅದು ಬೇಕಾಗಿಲ್ಲ, ಅಮೆರಿಕದವರಿಗೂ ಬೇಕಾಗಿಲ್ಲ. ಗಂಡನ ಹೆಸರು ನನ್ನ ಪಾಸ್‌ಪೋರ್ಟಿನ ಕೊನೆ ಪುಟದಲ್ಲಿ, ಸಂಗಾತಿಯ ಹೆಸರಿಗೆ ಅಂತಲೇ ಇರುವ ಜಾಗದಲ್ಲಿ ಇದೆ. ಅದಕ್ಕಾಗಿ ನನ್ನ ಹೆಸರನ್ನು ಮುಟ್ಟಬೇಕಾಗಿ ಬರಲಿಲ್ಲ.

ಇಷ್ಟು ಹೇಳಿದರೂ ಮುಗಿಯುವುದಿಲ್ಲ. "ಆದ್ರೂ ಗಂಡ ಹೆಂಡ್ತಿಗೆ ಒಂದೇ ಲಾಸ್ಟ್ ನೇಮ್ ಇದ್ರೆ ಒಳ್ಳೇದು ಅಲ್ವಾ?"

ಯಾವ ಲಾಸ್ಟ್ ನೇಮ್ ಸ್ವಾಮಿ? ಬೆಳಗಾವಿ, ಧಾರವಾಡದ ಕಡೆ ಮನೆತನದ ಅಡ್ಡಹೆಸರು ಇರುತ್ತದೆ, ಅವರ ಲೆಕ್ಕ ಬೇರೆ. ನಾವು ಹಳೇ ಮೈಸೂರಿನ ಕಡೆಯವರು. ಹೆಸರಿನ ಹಿಂದೆ ಮುಂದೆ ಇನಿಷಿಯಲ್ ಇಟ್ಟುಕೊಂಡು ಬೆಳೆದವರು, ಒಂದು ಊರಿನದು, ಇನ್ನೊಂದು ಅಪ್ಪನದು. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ನಡೆಯಲ್ಲ, ಬಿಡಿಸಿ ಬರೆಯಿರಿ ಅಂದರು. ಒಬ್ಬರು ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರು ಬರೆದರು, ಇನ್ನೊಬ್ಬರು ಊರಿನ ಹೆಸರು ಬರೆದರು. ಕೆಲವರು ಆ ಜಾಗವನ್ನು ಖಾಲಿಯೇ ಬಿಟ್ಟರು. ಹಾಗೆ ಖಾಲಿ ಬಿಟ್ಟವರಿಗೆ ಅಮೆರಿಕದ ವೀಸಾದಲ್ಲಿ ಇರುವ ಒಂದು ಹೆಸರೇ ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಅಚ್ಚಾಗಿ ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. 2022ರ ನವೆಂಬರಿನಿಂದ ಯುಎಇ ಅಂತೂ ಒಂಟಿ ಹೆಸರಿನ ಪಾಸ್‌ಪೋರ್ಟ್ ಹಿಡಿದು ವಿಸಿಟ್ ವೀಸಾದಲ್ಲಿ ಬರುವವರನ್ನು ಒಳಗೇ ಬಿಡುವುದಿಲ್ಲ ಅಂದಿತು. ಹೆಸರಿನಿಂದ ಬರುವ ನಿಜವಾದ ತೊಂದರೆ ಇದು. ಇದರ ಬಗ್ಗೆ ನನ್ನನ್ನು ಇಲ್ಲಿಯವರೆಗೆ ಯಾರೂ ಕೇಳಿಲ್ಲ.

ಈಗ ಸುಮಾ ಅನ್ನುವ ಹುಡುಗಿ ಮಂಜುನಾಥನನ್ನು ಮದುವೆಯಾದಳು ಅಂದುಕೊಳ್ಳಿ. ಅವನ ಸರ್‌ನೇಮ್ ಜಾಗದಲ್ಲಿ ಅವನ ಅಪ್ಪ ರಾಮಯ್ಯನವರ ಹೆಸರಿದೆ. ಅವಳು ನಮ್ಮ ಪದ್ಧತಿಯಂತೆ ಗಂಡನ ಹೆಸರು ಸೇರಿಸಿಕೊಂಡರೆ ಸುಮಾ ಮಂಜುನಾಥ್ ಆಗುತ್ತಾಳೆ. ಗಂಡ ಮಂಜುನಾಥ್ ರಾಮಯ್ಯ. ಇಷ್ಟೆಲ್ಲಾ ಮಾಡಿದರೂ ಇಬ್ಬರ ಲಾಸ್ಟ್ ನೇಮ್ ಬೇರೆಯೇ! ಒಂದೇ ಆಗಬೇಕು ಅಂದರೆ ಅವಳು ಸುಮಾ ರಾಮಯ್ಯ ಆಗಬೇಕು. ಅಂದರೆ ಸ್ವಂತ ಅಪ್ಪನ ಹೆಸರು ತೆಗೆದು ಮಾವನ ಹೆಸರು ಇಟ್ಟುಕೊಳ್ಳಬೇಕು. ನಮ್ಮ ಕಡೆ ಯಾವ ಕಾಲದಲ್ಲಿ ಹೀಗೆ ಮಾಡುತ್ತಿದ್ದರು, ಹೇಳಿ.

ನನಗೆ ಇಷ್ಟು ಸಿಟ್ಟು ಬರುವುದಕ್ಕೆ ಕಾರಣ ಗೆಳತಿಯ ತಂಗಿ, ಹಾಸನದ ಹುಡುಗಿ. ಮದುವೆ ಮುಗಿಸಿ ಗಂಡ ಡಲ್ಲಾಸ್‌ಗೆ ವಾಪಸ್ ಹೋದ. ಇವಳು ಎಚ್-4ಗೆ ಕಾಗದಪತ್ರ ಜೋಡಿಸುತ್ತಿದ್ದಳು. ಹೆಸರು ಬೇರೆ ಇದ್ದರೆ ಇಂಟರ್‌ವ್ಯೂನಲ್ಲಿ ರಿಜೆಕ್ಟ್ ಮಾಡುತ್ತಾರಂತೆ ಅಂತ ನೆಂಟರೆಲ್ಲ ಹೆದರಿಸಿದರು. ಅವಳು ಪಾಸ್‌ಪೋರ್ಟಿನಲ್ಲಿ ಹೆಸರು ಬದಲಾಯಿಸಲು ಹಾಕಿದಳು. ಪಾಸ್‌ಪೋರ್ಟಿನಲ್ಲಿ ಹೆಸರು ತಿದ್ದಿ ಕೊಡುವುದಿಲ್ಲ, ಹೊಸ ಪುಸ್ತಕ, ಹೊಸ ನಂಬರ್ ಬರುತ್ತದೆ. ಆಧಾರ್, ಪ್ಯಾನ್, ಬ್ಯಾಂಕು, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಇಂಜಿನಿಯರಿಂಗ್ ಡಿಗ್ರಿ ಎಲ್ಲದರಲ್ಲೂ ಹಳೇ ಹೆಸರು. ಮದುವೆ ಸರ್ಟಿಫಿಕೇಟಿನಲ್ಲೂ ಹಳೇ ಹೆಸರೇ, ಮದುವೆ ಆಗುವಾಗ ಇದ್ದ ಹೆಸರು ತಾನೇ ಅದರಲ್ಲಿ ಬರುವುದು. ಎಲ್ಲ ಹೊಂದುತ್ತಿದ್ದ ಕಾಗದಗಳು ಈಗ ಒಂದಕ್ಕೊಂದು ಹೊಂದದ ಹಾಗಾದವು. ಅರ್ಜಿ ಮತ್ತೆ ಮೊದಲಿನಿಂದ ತುಂಬಬೇಕಾಯಿತು. ಒಂದು ರಾತ್ರಿ ಫೋನ್ ಮಾಡಿ, "ಅಕ್ಕಾ, ನಾನೇ ನಾನು ಅಂತ ಈಗ ಯಾವ ಕಾಗದ ತೋರಿಸ್ಲಿ?" ಅಂತ ಅತ್ತಳು. ಕೊನೆಗೆ ವೀಸಾ ಬಂತು. ಆದರೆ ಅಷ್ಟು ದಿನದ ಒದ್ದಾಟ ಯಾರಿಗೆ ಬೇಕಿತ್ತು? ಸಲಹೆ ಕೊಟ್ಟ ನೆಂಟರಲ್ಲಿ ಒಬ್ಬರೂ ಅವಳ ಜೊತೆ ನೋಟರಿ ಹತ್ತಿರ ಹೋಗಲಿಲ್ಲ.

ಇಷ್ಟಪಟ್ಟು ಹೆಸರು ಬದಲಾಯಿಸಿಕೊಳ್ಳುವವರ ಮೇಲೆ ನನಗೇನೂ ಬೇಸರ ಇಲ್ಲ. ಅಮೆರಿಕದ ಪೌರತ್ವ ತೆಗೆದುಕೊಳ್ಳುವವರು ಅದೇ ಅರ್ಜಿಯಲ್ಲೇ ಹೊಸ ಹೆಸರು ಕೇಳಬಹುದು. ಕೋರ್ಟಿನಲ್ಲಿ ಪ್ರಮಾಣವಚನ ತೆಗೆದುಕೊಳ್ಳುವಾಗ ಬೇರೆ ಶುಲ್ಕವಿಲ್ಲದೆ ಹೆಸರು ಬದಲಾಗುತ್ತದೆ. ಅದೇ ಕೆನಡಾದ ಕ್ವಿಬೆಕ್‌ನಲ್ಲಿ 1981ರಿಂದ ಮದುವೆಯಾದರೂ ಗಂಡ ಹೆಂಡತಿ ಇಬ್ಬರೂ ಹುಟ್ಟಿನ ಹೆಸರನ್ನೇ ಇಟ್ಟುಕೊಳ್ಳಬೇಕು. ಅಲ್ಲಿರುವ ಕನ್ನಡದ ಹೆಣ್ಣುಮಕ್ಕಳಿಗೆ ಈ ಕಾಟವೇ ಇಲ್ಲ.

ನಿಮಗೆ ಕೇಳಲೇಬೇಕು ಅನ್ನಿಸಿದರೆ ಇದನ್ನು ಕೇಳಿ: "ಮದುವೆ ರಿಜಿಸ್ಟರ್ ಮಾಡ್ಸಿದ್ದೀಯಾ? ಸರ್ಟಿಫಿಕೇಟ್ ಎಲ್ಲಿದೆ?" ಹುಡುಗ ಚಿಕ್ಕ ರಜೆ ಹಾಕಿ ಊರಿಗೆ ಬರುತ್ತಾನೆ. ಮದುವೆ, ಬೀಗರೂಟ, ಸತ್ಯನಾರಾಯಣ ಪೂಜೆ, ಮನೆದೇವರ ದರ್ಶನ, ಅಷ್ಟರಲ್ಲಿ ರಜೆ ಮುಗಿದಿರುತ್ತದೆ. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಲು ಯಾರಿಗೂ ಪುರುಸೊತ್ತಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಸಪ್ತಪದಿಯ ಏಳನೇ ಹೆಜ್ಜೆಗೆ ಮದುವೆ ಪೂರ್ತಿಯಾಗುತ್ತದೆ, ನೋಂದಣಿ ಆಗದಿದ್ದರೆ ಮದುವೆ ಅಸಿಂಧು ಆಗುವುದಿಲ್ಲ. ಆದರೆ ಸಪ್ತಪದಿಯನ್ನು ವೀಸಾ ಕೌಂಟರಿಗೆ ತೆಗೆದುಕೊಂಡು ಹೋಗಲು ಬರುವುದಿಲ್ಲ. ಲಗ್ನಪತ್ರಿಕೆ, ಫೋಟೋ ಎಲ್ಲ ಜೊತೆಗಿರಲಿ, ಅಲ್ಲಿ ಮುಖ್ಯವಾಗಿ ಬೇಕಾಗುವುದು ಆ ಸರ್ಟಿಫಿಕೇಟು. ಎಲ್ಲ ಮದುವೆಗಳ ನೋಂದಣಿ ಕಡ್ಡಾಯ ಮಾಡಿ ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ರಾಜ್ಯಗಳಿಗೆ ಹೇಳಿದೆ.

ರಿಜಿಸ್ಟರ್ ಮಾಡಿಸುವಾಗ ಎರಡೂ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ, ಒಂದೊಂದು ಅಕ್ಷರವೂ ಹೊಂದುವಂತೆ ಬರೆಸಿ. ಇನಿಷಿಯಲ್ ಬೇಡ. ಸರ್ಟಿಫಿಕೇಟ್ ಕನ್ನಡದಲ್ಲಿದ್ದರೆ ಅಮೆರಿಕಕ್ಕೆ ಪೂರ್ತಿ ಇಂಗ್ಲಿಷ್ ಅನುವಾದ ಬೇಕು, ಅನುವಾದ ಮಾಡಿದವರ ಸಹಿ ಮಾಡಿದ ದೃಢೀಕರಣವೂ ಬೇಕು. ಬೇರೆ ದೇಶಕ್ಕೆ ಹೋಗುವವರು ಅಲ್ಲಿಯ ಕಾನ್ಸುಲೇಟಿನ ನಿಯಮ ಓದಿ. ಒಂದು ದೇಶದ ಕಾಗದಪತ್ರ ಅಸಲಿ ಅಂತ ಇನ್ನೊಂದು ದೇಶ ಒಪ್ಪುವಂತೆ ಹಾಕುವ ಸರ್ಕಾರಿ ಮುದ್ರೆಗೆ ಅಪೋಸ್ಟಿಲ್ ಅನ್ನುತ್ತಾರೆ. ಆ ಒಪ್ಪಂದ ಭಾರತಕ್ಕೆ 2005ರಲ್ಲಿ ಜಾರಿಗೆ ಬಂತು, ಆದರೆ ಜರ್ಮನಿ ಆಕ್ಷೇಪ ಎತ್ತಿದ್ದರಿಂದ ಅಲ್ಲಿ ನಮ್ಮ ಅಪೋಸ್ಟಿಲ್ ನಡೆಯುವುದಿಲ್ಲ. ಪಕ್ಕದ ಮನೆಯ ಹುಡುಗ ಹೇಗೆ ಮಾಡಿಸಿದ ಅನ್ನುವುದು ನಿಮಗೆ ಉಪಯೋಗಕ್ಕೆ ಬಾರದೇ ಇರಬಹುದು.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಆ ಸರ್ಟಿಫಿಕೇಟ್ ಅತ್ತೆ ಮನೆಯ ಬೀರುವಿನಲ್ಲೋ ಗಂಡನ ಫೈಲಿನಲ್ಲೋ ಮಾತ್ರ ಇರಬಾರದು. ಎಚ್-4ನಲ್ಲಿರುವ ನಮ್ಮಂಥವರು ಈ ದೇಶದಲ್ಲಿ ಇರುವುದೇ ಆ ಮದುವೆಯ ಆಧಾರದ ಮೇಲೆ. ನಾಳೆ ಗಂಡನಿಗೆ ಏನಾದರೂ ಆದರೆ ಇನ್ಶೂರೆನ್ಸ್‌ಗೂ ಬ್ಯಾಂಕಿಗೂ ಅದೇ ಕಾಗದ ಬೇಕು. ಜಗಳವಾಗಿ ಬೇರೆಯಾಗಬೇಕಾಗಿ ಬಂದರೂ ಅದೇ ಬೇಕು. ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ಒಂದು ದೃಢೀಕೃತ ನಕಲು ಜಾಸ್ತಿ ತೆಗೆಸಿ. ಅದು ನಿಮ್ಮ ಹ್ಯಾಂಡ್‌ಬ್ಯಾಗಿನಲ್ಲಿ, ನಿಮ್ಮ ಪಾಸ್‌ಪೋರ್ಟಿನ ಜೊತೆ ವಿಮಾನ ಹತ್ತಲಿ.